ದೇವಿಮನೆ ಇಳಿದು ಬೈತಖೋಲಕ್ಕೆ

ಅಡಿಕೆ ಕೊಯ್ಲು, ಸುಲಿತ, ಒಣಗಿಸುವುದು ಎಲ್ಲ ಮುಗಿದು ಭಾವನಿಗೆ ಎರಡು ದಿನ ಬಿಡುವು ಸಿಕ್ಕಿದ್ದೇ ಕಾರವಾರದ ಬೈತಖೋಲ ಬಂದರಿನವರೆಗಿನ ಈ ಪ್ರಯಾಣಕ್ಕೆ ನೆಪ. ಶಿರಸಿಯಿಂದ ಕುಮಟಾಕ್ಕೆ ಹೊರಡುವ ಬೆಳಗಿನ ಬಸ್ಸು ಹಿಡಿದೆವು. ದೇವಿಮನೆ ಘಟ್ಟದಲ್ಲಿ ಸಿಮೆಂಟ್ ಹೇರಿಕೊಂಡ ಲಾರಿಯೊಂದು ತಿರುವಿನಲ್ಲಿ ಸಿಕ್ಕಿಕೊಂಡು ಮುಕ್ಕಾಲು ಗಂಟೆ ಎಲ್ಲರೂ ನಿಂತೆವು. ಕಿತ್ತುಹೋದ ರಸ್ತೆಯ ಕೆಂಧೂಳು, ಅದರ ಮೇಲೆ ಡೀಸೆಲ್ ಹೊಗೆ. ಭಾವ ಪಂಚೆಯ ತುದಿಯನ್ನು ಮೂಗಿಗೆ ಹಿಡಿದುಕೊಂಡು, "ನಮ್ಮ ಅಡಿಕೆ ಗುಜರಾತಿಗೆ ಹೋಗುವುದೂ ಇಂಥದ್ದರ ಮೇಲೆಯೇ" ಎಂದರು.

ಹಿಂದೆ ಹೀಗಿರಲಿಲ್ಲ. ಅಡಿಕೆ, ಕಾಳುಮೆಣಸು ಎತ್ತಿನ ಗಾಡಿಯಲ್ಲಿ ಈ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿದ್ದವು. ಧಾರವಾಡ ಸೀಮೆಯ ಹತ್ತಿಯೂ ಅಷ್ಟೇ. ಬೆಳೆದದ್ದು ಬಯಲಿನಲ್ಲಾದರೂ ಹಡಗು ಹತ್ತಿದ ಊರಿನ ಹೆಸರೇ ಅದಕ್ಕೆ ಅಂಟಿಕೊಂಡು, ಪೇಟೆಯಲ್ಲಿ ‘ಕುಮಟಾ ಹತ್ತಿ’ ಆಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ಇಂಥ ಬಂದರುಗಳ ಮೇಲೂ ಬಿದ್ದಿತ್ತು. ಇಲ್ಲಿಂದ ಮುಂಬಯಿಗೆ ಹಾಯಿ ಹಡಗುಗಳು. ರಾತ್ರಿ ನೆಲದಿಂದ ಬೀಸುವ ಗಾಳಿ, ಹಗಲು ಕಡಲಿನಿಂದ ಬೀಸುವ ಗಾಳಿ, ಎರಡನ್ನೂ ಹಾಯಿಗೆ ತುಂಬಿಕೊಂಡು ಕರಾವಳಿಯುದ್ದಕ್ಕೂ ಸಾಗುತ್ತಿದ್ದವು. ಮಳೆಗಾಲದಲ್ಲಿ ದಡಕ್ಕೆ, ಮತ್ತೆ ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಒಪ್ಪಿಸಿದ ಮೇಲೆಯೇ ನೀರಿಗೆ. ಹೊಗೆ ಇರಲಿಲ್ಲ ನಿಜ, ಮುಳುಗುವ ಭಯ ಬೇಕಾದಷ್ಟಿತ್ತು.

ಕುಮಟಾದಲ್ಲಿ ಅವಲಕ್ಕಿ, ಚಹಾ ಮುಗಿಸಿ ಆಟೋ ಹಿಡಿದು ಅಘನಾಶಿನಿ ಊರಿಗೆ ಹೋದೆವು. ಆಚೆ ದಡ ತದಡಿ. ನಡುವೆ ಕಡಲು ಸೇರುವ ಆತುರವೇ ಇಲ್ಲದ ಅಗಲವಾದ ನದಿ. ದೋಣಿಗೆ ಐದಾರು ಬೈಕು, ಮೀನಿನ ಖಾಲಿ ಬುಟ್ಟಿಗಳು, ಇಪ್ಪತ್ತು ಜನ, ಒಂದು ಗೋದ್ರೆಜ್ ಕಪಾಟು. ಅಂಬಿಗ ಎಂಜಿನ್ ಶುರು ಮಾಡುವ ಮೊದಲು ಕಲ್ಲಿನ ಮೆಟ್ಟಿಲಿಗೆ ಬಲಗಾಲು ಕೊಟ್ಟು ಸುಮ್ಮನೆ ಒತ್ತಿದ. ಅಷ್ಟೂ ಭಾರ ಸದ್ದಿಲ್ಲದೆ ಜಾರಿತು. ಮೆಟ್ಟಿಲಿಗೂ ದೋಣಿಗೂ ನಡುವೆ ಒಂದು ಗೇಣು ಹಸಿರು ನೀರು, ಆಮೇಲೆ ಒಂದು ಮಾರು. ಅದೇ ಕಪಾಟನ್ನು ಗಾಡಿಯಿಂದ ಇಳಿಸಲು ನಾಲ್ಕು ಜನ ಬೆವರು ಸುರಿಸಿದ್ದನ್ನು ಆಗಷ್ಟೇ ನೋಡಿದ್ದೆವು.

ನೀರಿನ ದಾರಿಯ ಗುಟ್ಟೆಲ್ಲ ಆ ಬಲಗಾಲಿನಲ್ಲಿತ್ತು. ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಒಯ್ಯಲು ದೊಡ್ಡ ಹಡಗು ಉಗುಳುವ ಇಂಗಾಲಕ್ಕಿಂತ ಲಾರಿ ಉಗುಳುವುದು ಹಲವು ಪಟ್ಟು ಹೆಚ್ಚು. ಜಗತ್ತಿನ ವ್ಯಾಪಾರದ ಶೇ. 80ಕ್ಕೂ ಹೆಚ್ಚು ಸರಕು ಹಡಗಿನಲ್ಲೇ ಓಡಾಡಿದರೂ ಮನುಷ್ಯರು ಬಿಡುವ ಹಸಿರುಮನೆ ಅನಿಲದಲ್ಲಿ ಅವುಗಳ ಪಾಲು ಸುಮಾರು ಶೇ. 3. ಅದೂ ಸಣ್ಣದೇನಲ್ಲ. ಆ ಪಾಲನ್ನೂ 2050ರ ಆಸುಪಾಸಿಗೆ ನಿವ್ವಳ ಸೊನ್ನೆಗೆ ತರಬೇಕೆಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಸದಸ್ಯ ದೇಶಗಳು 2023ರಲ್ಲಿ ಒಪ್ಪಿಕೊಂಡಿವೆ.

"ಕಡಲಲ್ಲಿ ಕಳಿಸಿದರೆ ಚಾಲಿ ಅಡಿಕೆಗೆ ಬೂಷ್ಟು ಹಿಡಿಯುವುದಿಲ್ಲವೇ?" ಎಂದು ಭಾವ ನನ್ನನ್ನು ಕೇಳಿದರು. ತೇವ ತಟ್ಟದಂತೆ ಕಂಟೇನರ್ ಮುಚ್ಚಬೇಕು ಎಂದೆ. "ತಡವಾದರೆ ದರ ಬಿದ್ದು ಹೋಗುತ್ತದಲ್ಲ?" ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಬೆಳೆಗಾರನ ಲೆಕ್ಕದಲ್ಲಿ ಹೊಗೆಗೊಂದು ಕಾಲಂ ಇಲ್ಲ.

ತದಡಿಯಿಂದ ಗೋಕರ್ಣ, ಅಲ್ಲಿಂದ ಅಂಕೋಲಾ. ಗೋಕರ್ಣದಲ್ಲಿ ನಿಲ್ಲಲಿಲ್ಲ. ನಮ್ಮ ಬಸ್ಸಿನ ಚಾಲಕ ಹೆದ್ದಾರಿಯಲ್ಲಿ ಎದ್ದೆನೋ ಬಿದ್ದೆನೋ ಎಂದು ಓಡಿಸಿ, ಅಂಕೋಲಾ ನಿಲ್ದಾಣದಲ್ಲಿ ಹೊತ್ತಿಗೆ ಮುಂಚೆ ಬಂದೆನೆಂದು ಇಪ್ಪತ್ತು ನಿಮಿಷ ನಿಲ್ಲಿಸಿಕೊಂಡ. ಹಡಗುಗಳದ್ದೂ ಇದೇ ಚಾಳಿ. ಧಾವಿಸಿ ಬಂದು, ಸರಕು ಇಳಿಸುವ ಧಕ್ಕೆ ಖಾಲಿಯಿಲ್ಲದೆ ಹೊರಗೆ ಲಂಗರು ಹಾಕಿ ದಿನಗಟ್ಟಲೆ ಕಾಯುತ್ತವೆ. ವೇಗವನ್ನು ಶೇ. 10ರಷ್ಟು ಇಳಿಸಿದರೆ ಎಂಜಿನ್ನಿಗೆ ಬೇಕಾದ ಶಕ್ತಿ ಸುಮಾರು ಶೇ. 27ರಷ್ಟು ಇಳಿಯುತ್ತದೆ, ಪ್ರಯಾಣ ಉದ್ದವಾಗುವುದನ್ನು ಲೆಕ್ಕ ಹಿಡಿದರೂ ಒಟ್ಟು ಇಂಧನದಲ್ಲಿ ಸುಮಾರು ಶೇ. 19 ಉಳಿತಾಯ. ಹೊಸ ಇಂಧನ, ಹೊಸ ಎಂಜಿನ್ ಬರುವವರೆಗೆ ಕಾಯಬೇಕಿಲ್ಲ, ಆತುರ ಬಿಟ್ಟರೆ ಸಾಕು. ಆತುರ ಬಿಡುವುದೇ ಕಷ್ಟ ಎನ್ನುವುದು ಬೇರೆ ಮಾತು.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಅಘನಾಶಿನಿಯೇ ಇತ್ತು. ದೋಣಿಯಿಂದ ನೋಡಿದಾಗ ಇಳಿತದ ಹೊತ್ತು. ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ಬಳಚು ಎನ್ನುವ ಚಿಪ್ಪುಮೀನು ಆರಿಸುತ್ತಿದ್ದರು. ಈ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ಘೋಷಿಸಲಾಗಿದೆ. ಇಲ್ಲೇ ದೊಡ್ಡ ಬಂದರು ಕಟ್ಟುವ ಮಾತು ವರ್ಷಗಳಿಂದ ಎದ್ದು ಬಿದ್ದು ನಡೆದಿದೆ. ಕಾರವಾರ ಬಂದರಿನ ವಿಸ್ತರಣೆಯ ವಿರುದ್ಧ 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದದ್ದನ್ನೂ ಮರೆಯುವಂತಿಲ್ಲ. ಕಡಲ ದಾರಿಗೆ ರಸ್ತೆ ಹಾಕಬೇಕಿಲ್ಲ, ಆದರೆ ದಾರಿ ಮುಟ್ಟುವ ದಡ ಯಾರದ್ದೋ ಅನ್ನದ ತಟ್ಟೆ. ಇರುವ ಬಂದರುಗಳ ಹೂಳೆತ್ತಿ, ಸಣ್ಣ ಹಡಗುಗಳನ್ನೇ ಹೆಚ್ಚು ಓಡಿಸಲಿ ಎನ್ನುವವನು ನಾನು. ಹೊಗೆ ತಗ್ಗಿಸಲು ಬಳಚು ಅಗೆದು ಹಾಕುವುದು ನನಗೆ ಒಗ್ಗದ ಲೆಕ್ಕ.

ಬೈತಖೋಲ ಮುಟ್ಟಿದಾಗ ಸೂರ್ಯ ದೇವಗಡ ದ್ವೀಪದ ದೀಪಸ್ತಂಭದ ಹಿಂದಕ್ಕೆ ಸರಿಯುತ್ತಿದ್ದ. ಆ ದೀಪ 1864ರದ್ದು, ಹತ್ತಿಯ ಆಸೆಯ ಕಾಲದ್ದು. ಮೀನುಗಾರಿಕೆ ಧಕ್ಕೆಯಲ್ಲಿ ಬಲೆ ಹೆಣೆಯುತ್ತ ಕುಳಿತವರ ಆಚೆ, ಬಂದರಿನಲ್ಲಿ ಒಂದೇ ಒಂದು ಹಡಗು. ಗೇಟಿನ ಹೊರಗೆ ಟ್ಯಾಂಕರ್ ಲಾರಿಗಳ ಸಾಲು. ಹಡಗಿನಲ್ಲಿ ಏನು ಬಂದಿದೆ ಎಂದು ಭಾವ ಒಬ್ಬ ಚಾಲಕನನ್ನು ವಿಚಾರಿಸಿದರು.

"ಡಾಂಬರು" ಎಂದ ಆತ. "ರಾತ್ರಿಯೇ ಅರಬೈಲ್ ಘಟ್ಟ ಹತ್ತಬೇಕು."

ಭಾವ ಸ್ವಲ್ಪ ಹೊತ್ತು ಹಡಗನ್ನೇ ನೋಡಿ, ಕವಳದ ಸಂಚಿ ಬಿಚ್ಚುತ್ತ, "ನಮ್ಮ ದೇವಿಮನೆಗೂ ಎರಡು ಟ್ಯಾಂಕರ್ ಕಳಿಸಿ ಮಾರಾಯರೇ" ಎಂದರು.