ಮುಖ ಅವರದು, ಗೌನು ಬೇರೆಯವರದು

ಕಲಾವಿದರು ಬರೆದ ಹಳೆ ಭಾವಚಿತ್ರಗಳ ಸ್ಕ್ಯಾನ್ ನೋಡಿ ವಿವರ ಬರೆಯುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಕೂತು ಅಮೆರಿಕದ ಯಾರದೋ ಪೂರ್ವಜರ ಬಗ್ಗೆ ಬರೆಯುತ್ತೇವೆ. ಅದೂ ಬ್ರಿಟಿಷರ ಕೈಕೆಳಗಿದ್ದ ಅಮೆರಿಕ, 1776ಕ್ಕಿಂತ ಮುಂಚಿನದು. ಚಿತ್ರದ ಜೊತೆ ಅದು ಇರುವ ಮನೆಯವರು ಕೊಟ್ಟ ಒಂದು ಸಾಲೂ ಬರುತ್ತದೆ: ಇವರು ಯಾರು, ಯಾವ ಕಾಲದವರು. ಹೊಸದಾಗಿ ಸೇರಿದವರು ಆ ಸಾಲನ್ನು ನಂಬಿ ಮಿಕ್ಕಿದ್ದನ್ನೆಲ್ಲ ಅದಕ್ಕೆ ಹೊಂದಿಸಿಬಿಡುತ್ತಾರೆ. ರೇಷ್ಮೆ ಗೌನು ಕಂಡರೆ 'ಅವರ ನೆಚ್ಚಿನ ಉಡುಪು', ನಾಯಿ ಕಂಡರೆ 'ಅವರ ಸಾಕುನಾಯಿ'.

ಅಂಥವರಿಗೆ ನಾನು ಮೊದಲು ತೋರಿಸುವುದು ಮಿಸೆಸ್ ಜೆರಾತ್ಮೀಲ್ ಬೋವರ್ಸ್ ಚಿತ್ರವನ್ನು. ಬಾಸ್ಟನ್ನಿನ ಜಾನ್ ಸಿಂಗಲ್ಟನ್ ಕೋಪ್ಲಿ 1763ರ ಸುಮಾರಿಗೆ ಬರೆದದ್ದು, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಪಕ್ಕದಲ್ಲೇ ಲಂಡನ್ನಿನ ಜೋಶುವಾ ರೆನಾಲ್ಡ್ಸ್ ಬರೆದ ಲೇಡಿ ಕ್ಯಾರೊಲಿನ್ ರಸೆಲ್ ಚಿತ್ರದ ಅಚ್ಚುಪ್ರತಿ ತೆರೆಯುತ್ತೇನೆ. ಕೂತ ಭಂಗಿ ಅದೇ, ಗೌನು ಅದೇ, ನಾಯಿಯೂ ಅದೇ! ತಲೆ ಮಾತ್ರ ಬೋವರ್ಸ್ ಅವರದು. ಇಂಗ್ಲೆಂಡಿನ ದೊಡ್ಡ ಕಲಾವಿದರ ಚಿತ್ರಗಳ ಕಪ್ಪುಬಿಳುಪು ಅಚ್ಚುಗಳು ಆಗ ಹಡಗಿನಲ್ಲಿ ಬರುತ್ತಿದ್ದವು. ಗಿರಾಕಿಗೆ ಲಂಡನ್ ಫ್ಯಾಷನ್ ಬೇಕು, ಕಲಾವಿದನಿಗೆ ಮಾದರಿ ಬೇಕು. ಮಾಮೂಲಿ ಪದ್ಧತಿ. ಬಣ್ಣ ಏನಿತ್ತು ಅನ್ನೋದು ಆ ಅಚ್ಚಿನಲ್ಲಿ ಕಾಣುತ್ತಿರಲಿಲ್ಲ, ಅದು ಕೋಪ್ಲಿಯ ಸ್ವಂತದ್ದು.

"ಹಾಗಾದ್ರೆ ನಾಯಿ ಬಗ್ಗೆ ಏನ್ ಬರೀಲಿ ಮೇಡಂ?" ಅಂತ ಟೀಮಿನ ಹುಡುಗ ಕೇಳಿದ.

"ನಾಯಿ ಇದೆ ಅಂತ ಬರಿ. ಯಾರದು ಅಂತ ಬರೀಬೇಡ."

ನನಗೆ ಇನ್ನೂ ಇಷ್ಟವಾದದ್ದು ಮ್ಯಾಸಚೂಸೆಟ್ಸ್‌ನ ವೂಸ್ಟರ್ ಆರ್ಟ್ ಮ್ಯೂಸಿಯಂನಲ್ಲಿರುವ ಎಲಿಜಬೆತ್ ಫ್ರೀಕ್ ಚಿತ್ರ. ಬಾಸ್ಟನ್ನಿನ ವ್ಯಾಪಾರಿಯೊಬ್ಬನ ಹೆಂಡತಿ, ತೊಡೆಯ ಮೇಲೆ ಮಗಳು ಮೇರಿ. ಪ್ಯೂರಿಟನ್ನರು (ಆಗ ಅಲ್ಲಿ ನೆಲೆಸಿದ್ದ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದವರು) ಅಂದರೆ ಬರೀ ಕಪ್ಪು ಬಟ್ಟೆ ಅಂದುಕೊಂಡವರು ಈಕೆಯ ಲೇಸು, ಮುತ್ತಿನ ಸರ, ಕೆಂಪು ರಿಬ್ಬನ್ ನೋಡಬೇಕು. ಎಕ್ಸ್‌ರೇ ತೆಗೆದಾಗ ಬಣ್ಣದ ಕೆಳಗೆ ಮಗುವೇ ಇರಲಿಲ್ಲ! 1671ರಲ್ಲಿ ತಾಯಿಯನ್ನು ಮಾತ್ರ ಬರೆದಿದ್ದರು. ಮೇರಿ ಹುಟ್ಟಿದ ಮೇಲೆ, 1674ರಲ್ಲಿ, ಅದೇ ಕ್ಯಾನ್ವಾಸಿಗೆ ಅವಳನ್ನು ಸೇರಿಸಿದರು. ಮಗುವಿಗೆ ಆರು ತಿಂಗಳು ಅಂತ ಚಿತ್ರದ ಮೇಲೇ ಬರೆದಿದೆ. ಕಲಾವಿದನ ಹೆಸರು ಸಿಕ್ಕಿಲ್ಲ, 'ಫ್ರೀಕ್ ಪೇಂಟರ್' ಅಂತಲೇ ಕರೆಯುತ್ತಾರೆ. ನಮ್ಮ ಸಾಫ್ಟ್‌ವೇರ್‌ನ ಇಸವಿ ಕಾಲಂ ಒಂದೇ ಸಂಖ್ಯೆ ತಗೊಳ್ಳುತ್ತದೆ. ಇಂಥ ಕಡೆ ಎರಡು ಇಸವಿಯನ್ನೂ, ಅವು ಹೇಗೆ ಗೊತ್ತಾಯಿತು ಅನ್ನುವುದನ್ನೂ ಟಿಪ್ಪಣಿಯಲ್ಲಿ ಹಾಕಿಸುತ್ತೇನೆ.

ಮನೆಯವರ ಸಾಲು ಕೆಲವರನ್ನು ಬಿಟ್ಟುಬಿಡುವುದೂ ಇರುತ್ತದೆ. ಮೇರಿಲ್ಯಾಂಡಿನ ಶ್ರೀಮಂತ ಮನೆತನದ ಹುಡುಗ ಮೂರನೇ ಹೆನ್ರಿ ಡಾರ್ನಲ್‌ನನ್ನು ಯುಸ್ಟುಸ್ ಎಂಗೆಲ್ಹಾರ್ಟ್ ಕೂನ್ ಅನ್ನುವ ಜರ್ಮನ್ ಕಲಾವಿದ 1710ರ ಸುಮಾರಿಗೆ ಬರೆದ. ಹೆನ್ರಿ ಕೈಯಲ್ಲಿ ಬಿಲ್ಲು ಬಾಣ. ಹಿಂದೆ ಭವ್ಯವಾದ ಉದ್ಯಾನ, ಅದು ಕಲಾವಿದನ ಕಲ್ಪನೆ. ಪಕ್ಕದಲ್ಲಿ ಸತ್ತ ಹಕ್ಕಿ ಹಿಡಿದ ಕಪ್ಪು ಹುಡುಗ, ಕುತ್ತಿಗೆಗೆ ಲೋಹದ ಪಟ್ಟಿ. ಅವನು ಆ ಮನೆಯ ಗುಲಾಮ. ಶೀರ್ಷಿಕೆಯಲ್ಲಿ ಒಬ್ಬನದೇ ಹೆಸರು. ಆದರೆ ಚಿತ್ರದಲ್ಲಿ ಇಬ್ಬರಿದ್ದಾರಲ್ವಾ? ಪಟ್ಟಿಯೂ ಸೇರಿ ಅಷ್ಟನ್ನೂ ಬರೆಯಬೇಕು. 'ಜೊತೆಗಾರ' ಅಂತ ಮೆತ್ತಗೆ ಮಾಡುವುದಕ್ಕೆ ನಾನು ಒಪ್ಪುವುದಿಲ್ಲ.

ದುಡ್ಡು ಬಂದರೆ ಹೆಸರಿನ ಕಥೆಯೇ ಬೇರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿನ ಶ್ರೀಮಂತರಿಗೆ ಹಳೆ ಅಮೆರಿಕನ್ ಮುಖಗಳನ್ನು ಕೊಳ್ಳುವ ಹುಚ್ಚು ಹಿಡಿಯಿತು. ಬೇಡಿಕೆ ಕಂಡ ವ್ಯಾಪಾರಿಗಳು ಯಾವುದೋ ಚಿತ್ರಕ್ಕೆ ಯಾವುದೋ ಹೆಸರು ಅಂಟಿಸಿ ಮಾರಿದರು. ನ್ಯೂಯಾರ್ಕಿನ ಥಾಮಸ್ ಬಿ. ಕ್ಲಾರ್ಕ್ ಅವರ ದೊಡ್ಡ ಸಂಗ್ರಹವನ್ನು 1936ರಲ್ಲಿ ಮೆಲನ್ ಟ್ರಸ್ಟ್ ಅನ್ನುವ ದತ್ತಿ ಸಂಸ್ಥೆ ಕೊಂಡಿತು, ಅದರ ಚಿತ್ರಗಳು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಬಂದವು. ತಜ್ಞರು ಕೂತು ನೋಡಿದಾಗ ಎಷ್ಟೋ ಚಿತ್ರಗಳಲ್ಲಿ ಇರುವವರ ಹೆಸರೂ ತಪ್ಪು, ಕಲಾವಿದರ ಹೆಸರೂ ತಪ್ಪು. ಆ ಮಟ್ಟದ ಸಂಗ್ರಹದಲ್ಲೇ ಹೀಗಾದರೆ, ಮನೆಯವರು ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ ಸಾಲಿನ ಗತಿ ಏನು?

ಅದಕ್ಕೇ ನಾವೀಗ ಹೆಸರಿನ ಪಕ್ಕ ಇನ್ನೊಂದು ಕಾಲಂ ಇಟ್ಟಿದ್ದೇವೆ: ಹೇಳಿದ್ದು ಯಾರು? ಚಿತ್ರದ ಮೇಲಿನ ಬರಹವೋ, ಹಿಂದಿನ ಚೀಟಿಯೋ, ಮನೆಯವರ ಮಾತೋ. ಹೊಸ ಬ್ಯಾಚ್ ಬಂದರೆ ಕ್ಯಾನ್ವಾಸಿನ ಹಿಂಭಾಗದ ಫೋಟೋ ಕೂಡ ಕೇಳುತ್ತೇವೆ, ಹಳೆ ಚೀಟಿ, ಅಂಗಡಿ ಮುದ್ರೆ ಎಲ್ಲ ಅಲ್ಲೇ ಇರುವುದು ಜಾಸ್ತಿ. ಗೋಡೆಯಿಂದ ಇಳಿಸಬೇಕಲ್ಲ ಅಂತ ಕೆಲವರು ಗೊಣಗುತ್ತಾರೆ. ಇಳಿಸದೆ ಕಳಿಸಿದವರ ಕಾಲಂನಲ್ಲಿ 'ಮನೆಯವರ ಮಾತು' ಅಂತಷ್ಟೇ ಹೋಗುತ್ತದೆ.