‘ಅದು ರಿಫ್ಲೆಕ್ಸ್ ಅಮ್ಮ’

ಮಂಗಳವಾರ ಕೇಳಿದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಅಪಘಾತದ ನಂತರ ಚಿಕ್ಕಪ್ಪ ಬೆಂಗಳೂರಿನ ಆಸ್ಪತ್ರೆಯಲ್ಲೇ ಇದ್ದಾರೆ. ಕೋಮಾ ಮುಗಿದಿದೆ. ಕಣ್ಣು ಬಿಡುತ್ತಾರೆ, ನಿದ್ದೆ ಮಾಡುತ್ತಾರೆ, ಏಳುತ್ತಾರೆ. ಅರಿವು ಇದೆಯಾ ಅನ್ನೋದಷ್ಟೇ ಪ್ರಶ್ನೆ.

ರೌಂಡ್ಸಿಗೆ ಬಂದ ಡಾಕ್ಟರ್ “ಕ್ಲೋಸ್ ಯುವರ್ ಐಸ್” ಎಂದರು. ಮತ್ತೆ ಜೋರಾಗಿ ಅದನ್ನೇ ಹೇಳಿದರು. ಉಗುರು ಒತ್ತಿದರು, ಕೈ ಸ್ವಲ್ಪ ಹಿಂದೆ ಸರಿಯಿತು. ಬರೆದುಕೊಂಡು ಹೊರಟರು. ಆಗ ಚಿಕ್ಕಮ್ಮ ತಡೆದು ಹೇಳಿದಳು: “ಡಾಕ್ಟ್ರೇ, ಬೆಳಗ್ಗೆ ಮುಖ ಒರೆಸೋವಾಗ ನನ್ನನ್ನೇ ನೋಡ್ತಾರೆ. ನಾನು ಆ ಕಡೆ ಹೋದ್ರೆ ಆ ಕಡೆ ಕಣ್ಣು ಹೊರಳಿಸ್ತಾರೆ.”

“ಅದು ರಿಫ್ಲೆಕ್ಸ್ ಅಮ್ಮ.”

ಡಾಕ್ಟರ್ ಕೆಟ್ಟವರಲ್ಲ. ವಾರ್ಡ್ ತುಂಬಾ ರೋಗಿಗಳು. ಕೈ ಸರಿದದ್ದು ರಿಫ್ಲೆಕ್ಸೇ, ಅಂದರೆ ಅರಿವಿಲ್ಲದೆ ತಾನಾಗಿ ಆಗುವ ಚಲನೆಯೇ ಇರಬಹುದು. ಆದರೆ ಕಣ್ಣಿನ ವಿಷಯ? ಅದನ್ನು ಅವರು ನೋಡಲೇ ಇಲ್ಲ ಅಲ್ವಾ? ಇನ್ನೊಂದು, ಹೊಲದಲ್ಲೇ ಬದುಕಿದ ಚಿಕ್ಕಪ್ಪನಿಗೆ ಚೆನ್ನಾಗಿದ್ದಾಗಲೂ ಇಂಗ್ಲಿಷ್ ಅರ್ಥ ಆಗುತ್ತಿರಲಿಲ್ಲ. ಅರ್ಥವಾಗದ ಮಾತಿಗೆ ಕಣ್ಣು ಮುಚ್ಚಲಿಲ್ಲ ಅಂತ ‘ಪ್ರತಿಕ್ರಿಯೆ ಇಲ್ಲ’ ಎಂದು ಬರೆಯುವುದು ಯಾವ ನ್ಯಾಯ?

ಗುರುವಾರ ರಿಹ್ಯಾಬ್ ವಿಭಾಗದ ಹುಡುಗಿಯೊಬ್ಬಳು ಬಂದಳು. ಅರಿವು ಎಷ್ಟಿದೆ ಅಂತ ನೋಡುವ ಸಿಆರ್‌ಎಸ್-ಆರ್ ಅನ್ನೋ ಪರೀಕ್ಷೆ. ಕೇಳುವುದು, ನೋಡುವುದು, ಕೈಕಾಲು, ಬಾಯಿ, ಸಂವಹನ, ಎಚ್ಚರ, ಹೀಗೆ ಆರು ಭಾಗ, 23 ಅಂಕ. ಮೊದಲು ಟಿವಿ ಆರಿಸಿದಳು. ಚಿಕ್ಕಪ್ಪನನ್ನು ಒರಗಿ ಕೂರಿಸಿ, ಭುಜ, ತೋಳು ಒತ್ತಿ ಎಚ್ಚರ ಮಾಡಿದಳು. ಆಮೇಲೆ ಮುಖದ ಹತ್ತಿರ ಕನ್ನಡಿ ಹಿಡಿದು ನಿಧಾನ ಬಲಕ್ಕೆ ಸರಿಸಿದಳು. ಕಣ್ಣು ಅದರ ಹಿಂದೆಯೇ ಹೋಯಿತು. ಎಡಕ್ಕೆ ಸರಿಸಿದಾಗ ಇಲ್ಲ. ಮತ್ತೆ ಬಲಕ್ಕೆ ಸರಿಸಿದಳು, ಮತ್ತೆ ಹೋಯಿತು. ಸುಮ್ನೆ ಅಲೆದಾಡುವ ಕಣ್ಣು ಹಾಗೆ ಹಿಂಬಾಲಿಸುವುದಿಲ್ಲ, ಇದು ಅಲ್ಪ ಪ್ರಜ್ಞೆಯ ಗುರುತು ಎಂದಳು. ಸ್ವಂತ ಮುಖವನ್ನು ಕಣ್ಣು ಬೇಗ ಹಿಡಿಯುತ್ತದಂತೆ, ಅದಕ್ಕೇ ಕನ್ನಡಿ. ಚಿಕ್ಕಮ್ಮ ಇಷ್ಟು ದಿನ ಹೇಳುತ್ತಿದ್ದದ್ದೂ ಇದನ್ನೇ.

ಇಂಥ ತಪ್ಪು ನಮ್ಮಲ್ಲಿ ಮಾತ್ರ ಅಲ್ಲ. ಬೆಲ್ಜಿಯಂನಲ್ಲಿ 2009ರಲ್ಲಿ ಬಂದ ಅಧ್ಯಯನದಲ್ಲಿ, ಅರಿವೇ ಇಲ್ಲ ಎಂದು ವೈದ್ಯರ ತಂಡ ಒಪ್ಪಿಕೊಂಡಿದ್ದ 44 ಜನರಲ್ಲಿ 18 ಜನರಿಗೆ ಈ ಪರೀಕ್ಷೆಯಲ್ಲಿ ಅರಿವು ಕಂಡಿತ್ತು. ಒಂದು ಸಲ ನೋಡಿದರೆ ಸಾಲದು. ಬೆಳಗ್ಗೆ ಇದ್ದ ಎಚ್ಚರ ಸಂಜೆ ಇರುವುದಿಲ್ಲ. ಜ್ವರ, ಫಿಟ್ಸ್ ಮಾತ್ರೆ ಎಲ್ಲವೂ ಮಂಪರು ತರುತ್ತವೆ. ಎರಡು ವಾರದೊಳಗೆ ಕನಿಷ್ಠ ಐದು ಸಲ ಮಾಡಬೇಕು ಅನ್ನುವ ಸಂಶೋಧಕರಿದ್ದಾರೆ.

“ಸುಮ್ನೆ ದುಡ್ಡು ಸುರೀತಿದ್ದೀರಿ, ಮನೆಗೆ ಕರ್ಕೊಂಡು ಹೋಗಿ” ಎಂದ ನೆಂಟರೊಬ್ಬರ ಮೇಲೆ ನನಗೆ ಸಿಟ್ಟು ಇಳಿದಿಲ್ಲ. ಅವರು ಅದನ್ನು ಚಿಕ್ಕಪ್ಪನ ತಲೆ ಹತ್ತಿರವೇ ನಿಂತು ಹೇಳಿದ್ದರು. ಕನ್ನಡದಲ್ಲಿ.

ಚಿಕ್ಕಪ್ಪ ಎದ್ದು ಮಾತಾಡುತ್ತಾರೆ ಅಂತ ಯಾರೂ ಮಾತು ಕೊಟ್ಟಿಲ್ಲ, ಚಿಕ್ಕಮ್ಮ ಕೇಳಿಯೂ ಇಲ್ಲ. ಸೋಮವಾರ ಬೆಳಗ್ಗೆ ಮತ್ತೆ ಪರೀಕ್ಷೆ. ಈ ಸಲ ಕಣ್ಣು ಮುಚ್ಚಿ, ಕೈ ಎತ್ತಿ ಅಂತ ಹೇಳುವವಳು ಚಿಕ್ಕಮ್ಮನೇ.