ಗೇಮ್ ಬೆಲೆ ಏರಿದ್ದು ಎಲ್ಲಿ, ದುಡ್ಡು ಕೊಡಬೇಕಾದ್ದು ಯಾವಾಗ

2005ರ ಕೊನೆಯಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಯಂತ್ರ) ಬಂದಾಗ ದೊಡ್ಡ ಕಂಪನಿಗಳ ಹೊಸ ವಿಡಿಯೋ ಗೇಮ್‌ಗಳ ಬೆಲೆ 50 ಡಾಲರ್‌ನಿಂದ 60ಕ್ಕೆ ಏರಿತು. ಆಮೇಲೆ ಹೆಚ್ಚುಕಮ್ಮಿ ಹದಿನೈದು ವರ್ಷ ಅದು ಅಲ್ಲಾಡಲಿಲ್ಲ. 2020ರಲ್ಲಿ ಸೋನಿಯ ಪ್ಲೇಸ್ಟೇಷನ್ 5 ಬರುವ ಹೊತ್ತಿಗೆ ಬ್ಯಾಸ್ಕೆಟ್‌ಬಾಲ್ ಗೇಮ್ ಎನ್‌ಬಿಎ 2ಕೆ21 ಮೊದಲು 70 ಕೇಳಿತು, ಉಳಿದವರು ಅದರ ಹಿಂದೆಯೇ ಬಂದರು. 2025ರ ಜೂನ್‌ನಲ್ಲಿ ನಿಂಟೆಂಡೊದ ಸ್ವಿಚ್ 2 ಕನ್ಸೋಲ್ ಜೊತೆ ಬಂದ ಮಾರಿಯೋ ಕಾರ್ಟ್ ವರ್ಲ್ಡ್ 80ಕ್ಕೆ ಹೋಯಿತು. (ಇಲ್ಲಿರುವುದೆಲ್ಲ ಅಮೆರಿಕದ ಬೆಲೆ, ತೆರಿಗೆ ಬಿಟ್ಟು. 69.99 ಇದ್ದಲ್ಲಿ 70 ಎಂದೇ ಬರೆದಿದ್ದೇನೆ.)

ಬೆಲೆ ಏರಿಕೆಯನ್ನು ಸಮರ್ಥಿಸುವವರು ತಕ್ಷಣ ಹಣದುಬ್ಬರದ ಲೆಕ್ಕ ತೆಗೆಯುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ: 2005ರ 60 ಡಾಲರ್ 2025ರಲ್ಲಿ 95 ದಾಟುತ್ತದೆ. 90ರ ದಶಕದಲ್ಲಿ ಚಿಪ್ ಇರುವ ಕಾರ್ಟ್ರಿಡ್ಜ್‌ನಲ್ಲಿ ಬರುತ್ತಿದ್ದ ಗೇಮ್‌ಗಳಲ್ಲಿ 70 ಡಾಲರ್ ಮುಟ್ಟಿದವೂ ಇದ್ದವು. ಆದರೆ ಆಗ ಆ ದುಡ್ಡಿನಲ್ಲಿ ಒಂದು ಪಾಲು ಚಿಪ್‌ಗೆ, ಒಂದು ಪಾಲು ಅಂಗಡಿಗೆ, ಒಂದು ಪಾಲು ಸಾಗಣೆಗೆ ಹೋಗುತ್ತಿತ್ತು. ಆಡಿ ಮುಗಿಸಿದ ಮೇಲೆ ಮಾರಿ ಅರ್ಧ ವಾಪಸ್ ಪಡೆಯಬಹುದಿತ್ತು. ಈಗ ಡೌನ್‌ಲೋಡ್ ಮಾಡಿಕೊಂಡ ಗೇಮನ್ನು ಯಾರಿಗೂ ಮಾರಲಾಗದು. ಹಾಗಾಗಿ ಪೆಟ್ಟಿಗೆ ಮೇಲಿನ ಅಂಕಿಗಳನ್ನಷ್ಟೇ ಹೋಲಿಸಿ "ಗೇಮ್ ಅಗ್ಗವಾಗಿದೆ" ಅನ್ನುವುದು ಅರ್ಧ ಮಾತು. ಬೆಲೆ ಏರಿರುವುದು ಆ ಅಂಕಿಯಲ್ಲಿ ಸ್ವಲ್ಪ, ಅದರ ಸುತ್ತ ಬಹಳ: ಎಡಿಷನ್ (ಹೆಚ್ಚುವರಿ ಸೇರಿಸಿದ ದುಬಾರಿ ಆವೃತ್ತಿ), ಸೀಸನ್ ಪಾಸ್ (ಮುಂದೆ ಬರುವ ಭಾಗಗಳಿಗೆ ಮುಂಗಡ), ಚಂದಾ, ಕೊನೆಗೆ ಕನ್ಸೋಲ್ ಕೂಡ. ಹಿಂದೆಲ್ಲ ಕನ್ಸೋಲ್ ಹಳೆಯದಾದಂತೆ ಬೆಲೆ ಇಳಿಯುತ್ತಿತ್ತು. 2020ರಲ್ಲಿ 500 ಇದ್ದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 2025ರ ಮೇನಲ್ಲಿ 600 ಆಯಿತು, ಅದೇ ಅಕ್ಟೋಬರ್‌ನಲ್ಲಿ 650.

ಕಂಪನಿಗಳಿಗೆ 10 ಡಾಲರ್ ಯಾಕೆ ಅಷ್ಟು ಮುಖ್ಯ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡೋಣ. 2023ರಲ್ಲಿ ಮೈಕ್ರೋಸಾಫ್ಟ್ ವಿರುದ್ಧದ ಮೊಕದ್ದಮೆಯ ದಾಖಲೆಗಳಿಂದ ದಿ ಲಾಸ್ಟ್ ಆಫ್ ಅಸ್ ಭಾಗ 2 ಎಂಬ ಸೋನಿ ಗೇಮಿಗೆ ಸುಮಾರು 22 ಕೋಟಿ ಡಾಲರ್ ಖರ್ಚಾಗಿತ್ತು ಎಂಬುದು ಹೊರಬಿತ್ತು. ಅದೇ ಗಾತ್ರದ ಗೇಮನ್ನು ಸ್ವಂತ ಆನ್‌ಲೈನ್ ಸ್ಟೋರ್ ಇಲ್ಲದ ಕಂಪನಿಯೊಂದು ಮಾಡಿದೆ ಎಂದಿಟ್ಟುಕೊಳ್ಳಿ. ಸ್ಟೋರ್‌ನವರು ಶೇ 30 ಹಿಡಿದುಕೊಳ್ಳುತ್ತಾರೆ. 70 ಡಾಲರ್ ಗೇಮ್‌ನಲ್ಲಿ ಕೈಗೆ ಬರುವುದು 49. 22 ಕೋಟಿ ವಾಪಸ್ ಬರಲು ಪೂರ್ತಿ ಬೆಲೆಗೆ ಸುಮಾರು 45 ಲಕ್ಷ ಪ್ರತಿ ಹೋಗಬೇಕು. 80 ಆದರೆ ಕೈಗೆ 56, 39 ಲಕ್ಷ ಪ್ರತಿ ಸಾಕು. ಶೇ 50 ರಿಯಾಯಿತಿಯಲ್ಲೇ ಎಲ್ಲರೂ ಕೊಂಡರೆ 90 ಲಕ್ಷ ಬೇಕು. ಜಾಹೀರಾತಿನ ಖರ್ಚು ಇದರಲ್ಲಿ ಸೇರಿಲ್ಲ. (ಪಿಸಿ ಗೇಮ್‌ಗಳ ಆನ್‌ಲೈನ್ ಸ್ಟೋರ್ ಆದ ಸ್ಟೀಮ್‌ನಲ್ಲಿ ಒಂದು ಗೇಮಿನ ವಹಿವಾಟು 1 ಕೋಟಿ ಡಾಲರ್ ದಾಟಿದ ಮೇಲೆ ಸ್ಟೋರ್‌ನ ಪಾಲು ಶೇ 25ಕ್ಕೆ, 5 ಕೋಟಿ ದಾಟಿದ ಮೇಲೆ 20ಕ್ಕೆ ಇಳಿಯುತ್ತದೆ, ಲೆಕ್ಕ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ.) ಮೊದಲ ತಿಂಗಳಲ್ಲಿ ಪೂರ್ತಿ ಬೆಲೆ ಕೊಡುವವರೇ ಈ ಇಡೀ ವ್ಯವಹಾರವನ್ನು ಹೊತ್ತಿರುವುದು. ಜಾಹೀರಾತು, ಪ್ರೀ-ಆರ್ಡರ್ (ಬಿಡುಗಡೆಗೆ ಮುಂಚಿನ ಖರೀದಿ) ಬೋನಸ್, ದುಬಾರಿ ಎಡಿಷನ್, ಎಲ್ಲವೂ ಅವರನ್ನೇ ಗುರಿಯಾಗಿಸಿಕೊಂಡಿರುವುದಕ್ಕೆ ಕಾರಣ ಅದು.

80 ಡಾಲರ್ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಅನ್ನುವುದನ್ನು 2025 ಸ್ಪಷ್ಟವಾಗಿಯೇ ತೋರಿಸಿತು. ಮಾರಿಯೋ ಕಾರ್ಟ್ ವರ್ಲ್ಡ್‌ಗೆ ನಡೆಯಿತು. ಅದಕ್ಕೂ ಒಂದು ಉಪಾಯವಿತ್ತು: ಸ್ವಿಚ್ 2 ಒಂದಕ್ಕೇ 450, ಗೇಮ್ ಸೇರಿದ ಬಂಡಲ್‌ಗೆ 500. ಬಂಡಲ್ ಕೊಂಡವರಿಗೆ ಗೇಮ್ ಬಿದ್ದದ್ದು 50ಕ್ಕೇ. ನಿಂಟೆಂಡೊ ತನ್ನ ಗೇಮ್‌ಗಳ ಬೆಲೆಯನ್ನು ಸುಲಭಕ್ಕೆ ಇಳಿಸುವುದೂ ಇಲ್ಲ, ಹಾಗಾಗಿ ಕಾಯುವವರಿಗೆ ಅಲ್ಲಿ ಹೆಚ್ಚು ಲಾಭವಿಲ್ಲ. ಅತ್ತ ಮೈಕ್ರೋಸಾಫ್ಟ್ ದಿ ಔಟರ್ ವರ್ಲ್ಡ್ಸ್ 2 ಗೇಮಿಗೆ ಜೂನ್‌ನಲ್ಲಿ 80 ಘೋಷಿಸಿ, ಜುಲೈನಲ್ಲಿ 70ಕ್ಕೆ ಇಳಿಸಿತು. ಅದು ಮೊದಲ ದಿನವೇ ಮೈಕ್ರೋಸಾಫ್ಟ್‌ನ ತಿಂಗಳ ಚಂದಾ ಗೇಮ್ ಪಾಸ್‌ಗೆ ಬರುವುದಿತ್ತು, ಮತ್ತು ಅದೇ ಏಪ್ರಿಲ್‌ನಲ್ಲಿ ಬಂದ ಕ್ಲೇರ್ ಒಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33 ಅದರಂತೆಯೇ ದೊಡ್ಡ ಆರ್‌ಪಿಜಿ (ಪಾತ್ರವೊಂದನ್ನು ಬೆಳೆಸುತ್ತ ಆಡುವ ಕಥೆಯ ಗೇಮ್) ಆಗಿದ್ದೂ 50ಕ್ಕೇ ಸಿಗುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಹಾಲೋ ನೈಟ್: ಸಿಲ್ಕ್‌ಸಾಂಗ್ 20 ಡಾಲರ್‌ಗೆ ಬಂದಾಗ ಜನ ಮುಗಿಬಿದ್ದ ರಭಸಕ್ಕೆ ಸ್ಟೀಮ್ ಸೇರಿ ಹಲವು ಸ್ಟೋರ್‌ಗಳೇ ಕೆಲಹೊತ್ತು ಕುಸಿದವು. ಬದಲಿ ಇಲ್ಲದ ಗೇಮಿಗೆ ಜನ ಕೊಡುತ್ತಾರೆ. ಪಕ್ಕದಲ್ಲೇ ಅಷ್ಟೇ ಚೆನ್ನಾದದ್ದು ಅಗ್ಗಕ್ಕೆ ಇದ್ದರೆ ಕೊಡುವುದಿಲ್ಲ.

ನನ್ನ ಮಟ್ಟಿಗೆ ಪೆಟ್ಟಿಗೆ ಬೆಲೆಗಿಂತ ಎಚ್ಚರದಿಂದ ನೋಡಬೇಕಾದ್ದು ಎಡಿಷನ್‌ಗಳನ್ನು. ಸ್ಟಾರ್‌ಫೀಲ್ಡ್ ಒಳ್ಳೆಯ ಉದಾಹರಣೆ. 2023ರ ಸೆಪ್ಟೆಂಬರ್ 6ಕ್ಕೆ ಬಿಡುಗಡೆ, ಸಾದಾ ಗೇಮ್ 70. ಪ್ರೀಮಿಯಂ ಎಡಿಷನ್ 100. ಅದರಲ್ಲಿ ಐದು ದಿನ ಮುಂಚಿತ ಪ್ರವೇಶ, ಕೆಲವು ಸ್ಕಿನ್ (ಹೊರನೋಟದ ಅಲಂಕಾರ), ಡಿಜಿಟಲ್ ಆರ್ಟ್‌ಬುಕ್ ಮತ್ತು ಸಂಗೀತ, ಮುಂದೆ ಬರಲಿರುವ ಮೊದಲ ಎಕ್ಸ್‌ಪಾನ್ಷನ್ (ಹೆಚ್ಚುವರಿ ಕಥಾಭಾಗ). ಆ ಎಕ್ಸ್‌ಪಾನ್ಷನ್, ಶ್ಯಾಟರ್ಡ್ ಸ್ಪೇಸ್, ಬಂದದ್ದು 2024ರ ಸೆಪ್ಟೆಂಬರ್ 30ಕ್ಕೆ. ಬಿಡಿಯಾಗಿ ಅದರ ಬೆಲೆ 30. ಅಂದರೆ ಪ್ರೀಮಿಯಂ ಕೊಂಡವರು ಆ 30 ಡಾಲರನ್ನು ಒಂದು ವರ್ಷಕ್ಕೂ ಮುಂಚೆ, ಅದು ಹೇಗಿರುತ್ತದೆ ಎಂದು ಯಾರಿಗೂ ಗೊತ್ತಿಲ್ಲದಾಗ ಕೊಟ್ಟರು. ಕಾದವರು ಸ್ಟೀಮ್‌ನಲ್ಲಿ ಬಹುಪಾಲು ವಿಮರ್ಶೆಗಳು ಅತೃಪ್ತಿಯವೇ ಎಂದು ಓದಿಕೊಂಡು ನಿರ್ಧರಿಸಿದರು. ಉಳಿದ ಲಾಭ ಎಂದರೆ ಐದು ದಿನ. ಯಾವುದೇ ಎಡಿಷನ್ ಎದುರಿಗೆ ಬಂದರೂ ಹೀಗೇ ಬಿಡಿಸಿ: ಈಗಲೇ ಕೈಗೆ ಬರುವುದು ಯಾವುದು, ಮುಂದೆ ಬರುವುದು ಯಾವುದು, ಮುಂದಿನದನ್ನು ಆಮೇಲೆ ಬಿಡಿಯಾಗಿ ಕೊಳ್ಳಬಹುದೇ? ಕೊಳ್ಳಬಹುದಾದರೆ ಅದರ ಬೆಲೆಯನ್ನು ಈಗ ಸೊನ್ನೆ ಎಂದು ಹಿಡಿಯಿರಿ.

ಕಾಯುವುದಾದರೆ ಸುಮ್ಮನೆ ಕಾಯಬೇಡಿ. ಪಿಸಿಯಲ್ಲಿ ಆಡುವವರು ಗೇಮನ್ನು ವಿಶ್‌ಲಿಸ್ಟ್‌ಗೆ ಹಾಕಿ, ಶೇ 20 ಅಥವಾ ಹೆಚ್ಚು ರಿಯಾಯಿತಿ ಬಂದರೆ ಸ್ಟೀಮ್ ಇಮೇಲ್ ಕಳಿಸುತ್ತದೆ. ಬಂದ ಕೂಡಲೇ ಕೊಳ್ಳದೆ ಬೆಲೆಯ ಇತಿಹಾಸ ತೋರಿಸುವ ಸ್ಟೀಮ್‌ಡಿಬಿ ಅಥವಾ ಈಸ್‌ದೇರ್‌ಎನಿಡೀಲ್ ಸೈಟ್ ತೆರೆದು ಹಿಂದಿನ ಅತಿ ಕಡಿಮೆ ಬೆಲೆ ನೋಡಿ. ನಿಂಟೆಂಡೊ ಆಡುವವರಿಗೆ ಡೆಕು ಡೀಲ್ಸ್ ಇದೆ. ಗ್ರಾಫ್‌ನಲ್ಲಿ ಅಂಕಿಗಿಂತ ಇಳಿಜಾರು ಮುಖ್ಯ: ಬೆಲೆ 70, 56, 49 ಎಂದು ಒಂದೊಂದು ಸೇಲ್‌ಗೂ ಮೆಟ್ಟಿಲಿಳಿಯುತ್ತಿದ್ದರೆ ಮುಂದಿನ ಸೇಲ್‌ನಲ್ಲಿ ಇನ್ನೊಂದು ಮೆಟ್ಟಿಲು ಇಳಿಯುವ ಸಂಭವ ಹೆಚ್ಚು. ಮೂರು ಸೇಲ್ ಕಳೆದರೂ ಒಂದೇ ಕಡೆ ನಿಂತಿದ್ದರೆ ಸದ್ಯಕ್ಕೆ ಅದೇ ತಳ, ತೆಗೆದುಕೊಳ್ಳಿ. ಬಿಡುಗಡೆ ಹೊತ್ತಿನ ಲಾಂಚ್ ರಿಯಾಯಿತಿ ಬಿಟ್ಟರೆ ಸ್ಟೀಮ್‌ನಲ್ಲಿ ಬಿಡುಗಡೆಯಾದ 30 ದಿನದೊಳಗೆ ರಿಯಾಯಿತಿ ಕೊಡುವಂತಿಲ್ಲ, ಬೆಲೆ ಏರಿಸಿದ 30 ದಿನದೊಳಗೂ ಕೊಡುವಂತಿಲ್ಲ. ಹಾಗಾಗಿ ಹಿಂದಿನ ದಿನ ಬೆಲೆ ಏರಿಸಿ ಮರುದಿನ ಸೇಲ್ ಹಾಕುವ ಆಟ ಅಲ್ಲಿ ನಡೆಯದು. ಡಿಎಲ್‌ಸಿ (ಗೇಮಿಗೆ ಬಿಡಿಯಾಗಿ ಮಾರುವ ಹೆಚ್ಚುವರಿ ಭಾಗ) ಬೇಕಿದ್ದರೆ ಬಂಡಲ್ ಪುಟವನ್ನೂ ನೋಡಿ. ಈಗಾಗಲೇ ನಿಮ್ಮಲ್ಲಿರುವುದನ್ನು ಕಳೆದು ಉಳಿದದ್ದಕ್ಕೆ ಮಾತ್ರ ಬೆಲೆ ಹಾಕುವ ಬಂಡಲ್‌ಗಳು ಬಿಡಿ ಡಿಎಲ್‌ಸಿಗಿಂತ ಅಗ್ಗವಾಗುವುದುಂಟು.

ಗಂಟೆಗೆ ಒಂದು ಡಾಲರ್ ಬಿದ್ದರೆ ಲಾಭ ಎಂಬ ಲೆಕ್ಕವನ್ನು ಬಹಳ ಜನ ಇಟ್ಟುಕೊಂಡಿದ್ದಾರೆ. ದಯವಿಟ್ಟು ಬಿಟ್ಟುಬಿಡಿ. ಮ್ಯಾಪ್ ತುಂಬ ಒಂದೇ ಥರದ ಕೆಲಸ ಸುರಿದು ಗಂಟೆ ಹೆಚ್ಚಿಸುವ ಚಾಳಿಗೆ ಕುಮ್ಮಕ್ಕು ಕೊಡುವುದೇ ಈ ಲೆಕ್ಕ. ಅದರ ಬದಲು ಸ್ಟೀಮ್‌ನಲ್ಲಿ ಆ ಗೇಮಿನ ಜಾಗತಿಕ ಅಚೀವ್‌ಮೆಂಟ್ (ಆಟಗಾರರು ದಾಟಿದ ಹಂತಗಳ) ಪಟ್ಟಿ ತೆರೆಯಿರಿ. ಮೊದಲ ಅಧ್ಯಾಯ ಮುಗಿಸಿದವರು ಶೇಕಡಾ ಎಷ್ಟು, ಕೊನೆ ಮುಟ್ಟಿದವರು ಎಷ್ಟು ಎಂದು ಎಲ್ಲರಿಗೂ ಕಾಣುತ್ತದೆ. ಕೊನೆ ಮುಟ್ಟಿದವರು ಕಡಿಮೆ ಇರುವುದು ಸಹಜ; ನೋಡಬೇಕಾದ್ದು ನಡುವಿನ ಇಳಿತವನ್ನು. ಎರಡನೇ ಅಧ್ಯಾಯದ ಹೊತ್ತಿಗೇ ಅರ್ಧ ಜನ ಕೈಬಿಟ್ಟಿದ್ದರೆ ಟ್ರೇಲರ್ ಏನೇ ಹೇಳಲಿ, ಅಲ್ಲೊಂದು ತೊಡಕಿದೆ.

ರೀಫಂಡ್ ನಿಯಮ ಸ್ಟೋರ್‌ನಿಂದ ಸ್ಟೋರ್‌ಗೆ ಬೇರೆ, ಮತ್ತು ಬೆಲೆ ಏರಿದಷ್ಟೂ ಇದರ ತೂಕ ಹೆಚ್ಚು. ಸ್ಟೀಮ್ ಮತ್ತು ಎಪಿಕ್‌ನಲ್ಲಿ ಕೊಂಡ 14 ದಿನದೊಳಗೆ ಕೇಳಬೇಕು, 2 ಗಂಟೆಗಿಂತ ಕಡಿಮೆ ಆಡಿರಬೇಕು. ಜಿಓಜಿಯಲ್ಲಿ 30 ದಿನ, ಆಡಿದ್ದರೂ ಕೇಳಬಹುದು. ಪ್ಲೇಸ್ಟೇಷನ್‌ನಲ್ಲಿ 14 ದಿನವಿದ್ದರೂ ಡೌನ್‌ಲೋಡ್ ಶುರುವಾದರೆ ಸಾಮಾನ್ಯವಾಗಿ ಮುಗಿಯಿತು, ಆದ್ದರಿಂದ ಪ್ರೀ-ಆರ್ಡರ್ ಮಾಡುವವರು ಆಟೋ ಡೌನ್‌ಲೋಡ್ ಆಫ್ ಮಾಡಿಡಿ. ನಿಂಟೆಂಡೊ ಈಶಾಪ್‌ನಲ್ಲಿ ಕೊಂಡದ್ದು ಕೊಂಡಂತೆ.

ಸ್ಟೀಮ್‌ನ ಆ 2 ಗಂಟೆ ಬೇಗ ಕರಗುತ್ತದೆ. ಗೇಮ್ ತೆರೆದ ಮೇಲೆ ಶೇಡರ್ ಕಂಪೈಲ್ (ಗ್ರಾಫಿಕ್ಸ್ ಸಿದ್ಧತೆ) ಆಗುವ ಹೊತ್ತು, ಗೇಮಿನ ಲಾಂಚರ್ (ಗೇಮ್ ಶುರು ಮಾಡುವ ಕಿಟಕಿ) ಸುಮ್ಮನೆ ತೆರೆದಿರುವ ಹೊತ್ತು, ಪಾತ್ರದ ಮುಖ ತಿದ್ದುವ ಹೊತ್ತು, ಎಲ್ಲವೂ ಎಣಿಕೆಗೆ ಸೇರುತ್ತದೆ. 2024ರಿಂದ ಮುಂಚಿತ ಪ್ರವೇಶದಲ್ಲಿ ಆಡಿದ್ದನ್ನೂ ಸೇರಿಸುತ್ತಾರೆ. ಆದ್ದರಿಂದ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮೊದಲೇ ಮುಗಿಸಿ. ಗೇಮ್ ತೆರೆದ ಮೇಲೆ ಸಿದ್ಧ ಮುಖವೊಂದನ್ನು ಆರಿಸಿ ಮುಂದೆ ಹೋಗಿ, ಜನ, ಮರಗಿಡ, ಹೊಗೆ ಎಲ್ಲ ಇರುವ ಜಾಗಕ್ಕೆ ತಲುಪಿ ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ) ನೋಡಿ. ಆರಂಭದ ಇಕ್ಕಟ್ಟಾದ ದೃಶ್ಯದಲ್ಲಿ 60 ಬಂತು ಎಂದು ನಂಬಿದವರೇ ಊರಿನೊಳಗೆ ಹೊಕ್ಕಾಗ ಸಿಕ್ಕಿಬೀಳುವುದು. ಒಂದೂವರೆ ಗಂಟೆಗೆ ತೀರ್ಮಾನ ಮಾಡಿಬಿಡಿ. ಇನ್ನೊಂದು: ಪೂರ್ತಿ ಬೆಲೆಗೆ ಕೊಂಡ ಮರುದಿನವೇ ಸೇಲ್ ಬಂದರೆ ರೀಫಂಡ್ ಪಡೆದು ಸೇಲ್ ಬೆಲೆಗೆ ಮತ್ತೆ ಕೊಳ್ಳುವುದನ್ನು ದುರುಪಯೋಗ ಎಂದು ಪರಿಗಣಿಸುವುದಿಲ್ಲ ಎಂದು ಸ್ಟೀಮ್‌ನ ನಿಯಮದಲ್ಲೇ ಬರೆದಿದೆ. ಸಂಕೋಚ ಬೇಡ.

ಚಂದಾದ ಲೆಕ್ಕ ಚಿಕ್ಕದು. ಗೇಮ್ ಪಾಸ್ ಅಲ್ಟಿಮೇಟ್ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 20ರಿಂದ 30 ಡಾಲರ್ ಆಯಿತು, ಆ ದರದಲ್ಲಿ ವರ್ಷಕ್ಕೆ 360. ಅಷ್ಟು ದುಡ್ಡಿಗೆ 70ರ ಐದು ಗೇಮ್ ಕೊಳ್ಳಬಹುದು, ಸೇಲ್‌ಗೆ ಕಾದರೆ ಹತ್ತು. ವರ್ಷಕ್ಕೆ ಐದು ದೊಡ್ಡ ಗೇಮ್‌ಗಳನ್ನು ಬಿಡುಗಡೆಯ ವಾರದಲ್ಲೇ ಆಡದವರು ಬೇಕಾದ ಒಂದು ತಿಂಗಳು ಹಾಕಿಸಿ, ಮುಗಿಸಿ, ಅಂದೇ ಆಟೋ ರಿನ್ಯೂವಲ್ ಆಫ್ ಮಾಡುವುದು ಒಳ್ಳೆಯದು. ಇಲ್ಲಿ ಹಲವರು ಎಡವುವ ಜಾಗವೊಂದಿದೆ: ಚಂದಾದಲ್ಲಿ ಬಂದ ಗೇಮಿಗೆ ಡಿಎಲ್‌ಸಿ ಕೊಳ್ಳುವುದು. ಚಂದಾ ನಿಂತ ದಿನ ಮೂಲ ಗೇಮ್ ತೆರೆಯುವುದಿಲ್ಲ, ದುಡ್ಡು ಕೊಟ್ಟ ಡಿಎಲ್‌ಸಿ ಲೈಬ್ರರಿಯಲ್ಲಿ ಸುಮ್ಮನೆ ಬಿದ್ದಿರುತ್ತದೆ.

ಡಿಸ್ಕ್ ಸಿಗುವ ಗೇಮ್ ಆದರೆ ಡಿಸ್ಕ್ ಕೊಳ್ಳುವುದೇ ನನ್ನ ಸಲಹೆ. 70ಕ್ಕೆ ಕೊಂಡು, ಮುಗಿಸಿ 40ಕ್ಕೆ ಮಾರಿದರೆ ನಿಮಗೆ ಬಿದ್ದದ್ದು 30. ಅಷ್ಟು ರಿಯಾಯಿತಿ ಯಾವ ಸ್ಟೋರೂ ಮೊದಲ ತಿಂಗಳಲ್ಲಿ ಕೊಡುವುದಿಲ್ಲ. ಆದರೆ ಪೆಟ್ಟಿಗೆಯನ್ನು ತಿರುಗಿಸಿ ಓದಿ. ಸ್ವಿಚ್ 2ರ ಗೇಮ್-ಕೀ ಕಾರ್ಡ್‌ನಲ್ಲಿ ಗೇಮ್ ಇರುವುದಿಲ್ಲ, ಡೌನ್‌ಲೋಡ್ ಮಾಡಿಕೊಳ್ಳುವ ಹಕ್ಕು ಮಾತ್ರ ಇರುತ್ತದೆ. ಕಾರ್ಡನ್ನು ಮಾರಬಹುದು, ಆದರೆ ಸರ್ವರ್ ಇರುವವರೆಗಷ್ಟೇ ಅದಕ್ಕೆ ಜೀವ. ಪೆಟ್ಟಿಗೆಯೊಳಗೆ ಬರೀ ಕೋಡ್ ಚೀಟಿ ಇದ್ದರೆ ಅದನ್ನೂ ಮಾರಲಾಗದು. ಪ್ಲೇಸ್ಟೇಷನ್ ಡಿಸ್ಕ್‌ನಲ್ಲಿ ರೀಜನ್ ನೋಡಿಕೊಳ್ಳಿ: ಒಂದು ರೀಜನ್‌ನ ಡಿಸ್ಕ್‌ಗೆ ಇನ್ನೊಂದು ರೀಜನ್‌ನ ಸ್ಟೋರ್‌ನಲ್ಲಿ ಕೊಂಡ ಡಿಎಲ್‌ಸಿ ಎಷ್ಟೋ ಸಲ ಹೊಂದುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಪೂರ್ತಿ ಬೆಲೆ ಕೊಡಬೇಕಾದ ಗೇಮ್‌ಗಳಿವೆ. ಒಬ್ಬರೇ ಆಡುವ ಕಥೆಯ ಗೇಮ್ ಆರು ತಿಂಗಳು ಬಿಟ್ಟು ಆಡಿದರೆ ಕೆಡುವುದಿಲ್ಲ. ದೋಷ ತಿದ್ದುವ ಪ್ಯಾಚ್‌ಗಳು ಬಂದು ಇನ್ನಷ್ಟು ಚೆನ್ನಾಗಿರುತ್ತದೆ. ಸ್ನೇಹಿತರ ಗುಂಪು ಸೇರಿ ಆಡುವ ಗೇಮ್ ಹಾಗಲ್ಲ. ಎಲ್ಲರೂ ಶುರು ಮಾಡಿದ ವಾರ ನೀವೂ ಇರಬೇಕು, ಆರು ತಿಂಗಳ ಮೇಲೆ ಅರ್ಧ ಬೆಲೆಗೆ ಹೋದರೆ ಜೊತೆಗೆ ಯಾರೂ ಇರುವುದಿಲ್ಲ. 2024ರಲ್ಲಿ ಹೆಲ್‌ಡೈವರ್ಸ್ 2 ಅನ್ನು 40ಕ್ಕೆ ಕೊಂಡು ಮೊದಲ ವಾರವೇ ಇಳಿದವರು ಸರಿಯಾಗಿಯೇ ಮಾಡಿದರು. ಅದೇ ವರ್ಷ, ಅದೇ 40ಕ್ಕೆ ಬಂದ ಕಾಂಕಾರ್ಡ್ ಆಗಸ್ಟ್ 23ಕ್ಕೆ ತೆರೆದು ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಸೋನಿ ದುಡ್ಡು ವಾಪಸ್ ಕೊಟ್ಟಿತು. ಎಷ್ಟೋ ವರ್ಷ ನಡೆದ ಕಾರ್ ರೇಸಿನ ಗೇಮ್ ದಿ ಕ್ರೂ ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತಾಗ ಹಳೆಯ ಗ್ರಾಹಕರಿಗೆ ದುಡ್ಡೂ ವಾಪಸ್ ಸಿಗಲಿಲ್ಲ, ಒಬ್ಬರೇ ಆಡುವ ಭಾಗವೂ ತೆರೆಯದಾಯಿತು. ಆನ್‌ಲೈನ್ ಗೇಮಿಗೆ 70 ಕೊಡುವ ಮುಂಚೆ ಸ್ಟೋರ್ ಪುಟದಲ್ಲಿ "ಸದಾ ಇಂಟರ್ನೆಟ್ ಬೇಕು" ಎಂದಿದೆಯೇ ನೋಡಿ, ಬಿಡುಗಡೆಗೆ ಮುಂಚೆ ಎಲ್ಲರಿಗೂ ತೆರೆದಿಡುವ ಪ್ರಯೋಗದ ಆವೃತ್ತಿಯಲ್ಲಿ (ಓಪನ್ ಬೀಟಾ) ನಿಮ್ಮ ಸಮಯಕ್ಕೆ ಪಂದ್ಯ ಸಿಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಪರೀಕ್ಷಿಸಿ, ಗುಂಪಿನಲ್ಲಿ ಕನಿಷ್ಠ ಇಬ್ಬರು ಕೊಂಡ ಮೇಲೆ ನೀವು ಕೊಳ್ಳಿ.